ನಿಮಗಿದು ಗೊತ್ತೇ? ಬೋಳಾರದ ಸೊಳ್ಳೆಯಿಂದ ಮೈಸೂರಿನ ರಾಣಿಯವರೆಗೆ

ಮಂಗಳೂರಿನ ಬೋಳಾರದಲ್ಲಿ ಒಂದು ಕಡೆ ನೇತ್ರಾವತಿ, ಇನ್ನೊಂದು ಕಡೆ ಮಾರಿಗುಡಿ, ನಡುವೆ ಹಂಚಿನ ಕಾರ್ಖಾನೆಗಳ ಹಳೆಯ ಗೋಡೆಗಳು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹಂಪನಕಟ್ಟೆಯ ವೆನ್ಲಾಕ್, ಅದರ ಹತ್ತಿರವೇ ಲೇಡಿಗೋಷನ್, ಅತ್ತ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗಳು. ಸರ್ಕಾರಿ ಆರೋಗ್ಯ ಸೇವೆಗೆ ಬಂದ ಹೊಸ ವಿಚಾರಗಳಲ್ಲಿ ಒಂದು ಯಾಕೆ ಬೇರೂರುತ್ತದೆ, ಇನ್ನೊಂದು ಯಾಕೆ ವರ್ಷ ತುಂಬುವುದರೊಳಗೆ ಕಪಾಟು ಸೇರುತ್ತದೆ? ಈ ಪ್ರಶ್ನೆಯನ್ನು ಬೋಳಾರದಿಂದಲೇ ಶುರುಮಾಡಬಹುದು. ಉತ್ತರಕ್ಕಾಗಿ ಮಾತ್ರ ಊರೂರು ಸುತ್ತಬೇಕು.

● ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ತೋರಿಸಿಕೊಟ್ಟ ರೊನಾಲ್ಡ್ ರಾಸ್ ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. 1883ರಲ್ಲಿ ಅವರ ಬಂಗಲೆಯ ಕಿಟಕಿಯ ಹೊರಗೆ ನೀರು ತುಂಬಿದ ಪೀಪಾಯಿ ಒಂದಿತ್ತು. ಅದರ ತುಂಬ ಸೊಳ್ಳೆ ಮರಿಗಳು. ರಾಸ್ ನೀರನ್ನು ಚೆಲ್ಲಿಸಿದರು, ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಸೇನಾ ವಸತಿಯ ಎಲ್ಲ ಕಡೆಯೂ ಹೀಗೆಯೇ ಮಾಡೋಣ ಎಂದು ಮೇಲಿನ ಅಧಿಕಾರಿಗೆ ಹೇಳಿದಾಗ ಬಂದ ಉತ್ತರವನ್ನು ಅವರು ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾರೆ: ಸೊಳ್ಳೆಗಳನ್ನು ಸೃಷ್ಟಿಸಿದ್ದಕ್ಕೆ ಏನೋ ಉದ್ದೇಶವಿರುತ್ತದೆ, ಅವನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬರ್ಥದ ಮಾತು ಅದು. ಬೇಕಾಗಿದ್ದ ಖರ್ಚು ಸೊನ್ನೆ, ಪರಿಣಾಮ ಕಣ್ಣೆದುರಿಗೇ ಇತ್ತು. ಆದರೂ ಒಬ್ಬನ ಒಪ್ಪಿಗೆ ಸಿಗದೆ ಕೆಲಸ ಅಲ್ಲಿಗೇ ನಿಂತಿತು.

● ಗದ್ದೆ, ಕಾಡು, ತೋಡುಗಳ ಮಲೇರಿಯಾ ಬೇರೆ, ಮಂಗಳೂರಿನ ಮಲೇರಿಯಾ ಬೇರೆ. ಇಲ್ಲಿ ಅದನ್ನು ಹರಡುವುದು ಅನಾಫಿಲಿಸ್ ಸ್ಟೆಫೆನ್ಸೈ ಎಂಬ ಪೇಟೆ ಸೊಳ್ಳೆ. ಅದು ಚರಂಡಿಯ ಕೊಳೆನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ಬಾವಿ, ತಾರಸಿಯ ಟಾಂಕಿ, ಸಂಪು, ಹೊಸ ಕಟ್ಟಡದ ಕಾಂಕ್ರೀಟಿಗೆ ಕ್ಯೂರಿಂಗ್ ಮಾಡಲು ಕಟ್ಟಿ ನಿಲ್ಲಿಸಿದ ನೀರು ಅದಕ್ಕೆ ಇಷ್ಟ. 1990ರ ದಶಕದ ಆರಂಭದಲ್ಲಿ ನಗರದಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿದ ಕಾಲದಲ್ಲೇ ಮಲೇರಿಯಾ ಮತ್ತೆ ತಲೆಯೆತ್ತಿತು. ಮುಂದೆ ಎಷ್ಟೋ ವರ್ಷ ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ಬಹುಪಾಲು ದಕ್ಷಿಣ ಕನ್ನಡದ್ದೇ ಆಗಿತ್ತು.

● ಮಲೇರಿಯಾ ತಡೆಯಲು ಮಂಗಳೂರು ಮಹಾನಗರ ಪಾಲಿಕೆಯ ಕಾರ್ಯಕರ್ತರ ಕೈಗೆ 2015ರ ಅಕ್ಟೋಬರಿನಲ್ಲಿ ಟ್ಯಾಬ್ ಬಂತು. ನನ್ನ ಮಟ್ಟಿಗೆ ಕರಾವಳಿಯ ಸಾರ್ವಜನಿಕ ಆರೋಗ್ಯದಲ್ಲಿ ಈಚಿನ ದಶಕಗಳ ಅತಿ ಒಳ್ಳೆಯ ಕೆಲಸ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲಿನ ಕ್ರಮ ನೋಡಿ. ಜ್ವರ ಬಂದವನು ಯಾವುದೋ ಲ್ಯಾಬಿಗೆ ಹೋಗುತ್ತಾನೆ. ಬೆರಳ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಚುಚ್ಚಿ, ಒಂದೇ ಗಾಜಿನ ಪಟ್ಟಿಯ ಮೇಲೆ ಎರಡು ಲೇಪ ಮಾಡುತ್ತಾರೆ. ದಪ್ಪನೆಯ ಲೇಪದಲ್ಲಿ ರೋಗಾಣು ಇದೆಯೇ ಎಂದು ಹುಡುಕುವುದು, ತೆಳ್ಳನೆಯದರಲ್ಲಿ ಅದು ಯಾವ ಜಾತಿಯದು ಎಂದು ಗುರುತಿಸುವುದು. ರೋಗ ಪತ್ತೆಯಾಯಿತು, ಮಾತ್ರೆ ಸಿಕ್ಕಿತು. ಆದರೆ ಆ ಸುದ್ದಿ ಕಾಗದದ ಮೇಲೆ ಪಾಲಿಕೆಯನ್ನು ಮುಟ್ಟಿ, ಅಲ್ಲಿಂದ ವಾರ್ಡಿಗೆ ಇಳಿಯುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಬರೆದ ವಿಳಾಸ ಅರ್ಧಂಬರ್ಧ. ಕಟ್ಟಡದ ಕೆಲಸಕ್ಕೆ ಬಂದವನಾದರೆ ಅವನು ಆ ಹೊತ್ತಿಗೆ ಬೇರೆ ಕಟ್ಟಡದಲ್ಲಿರುತ್ತಾನೆ. ಅವನನ್ನು ಕಚ್ಚಿದ ಸೊಳ್ಳೆ ಮಾತ್ರ ಅಲ್ಲೇ ಇರುತ್ತದೆ.

ಹೊಸ ಕ್ರಮದಲ್ಲಿ ಪತ್ತೆಯಾದ ಪ್ರಕರಣ ಸ್ಥಳೀಯವಾಗಿಯೇ ತಯಾರಿಸಿದ ತಂತ್ರಾಂಶಕ್ಕೆ ಸೇರುತ್ತದೆ, ಅಲ್ಲಿಂದ ಆ ವಾರ್ಡಿನ ಕಾರ್ಯಕರ್ತರ ಟ್ಯಾಬ್‌ಗೆ ಬರುತ್ತದೆ. ಬೋಳಾರದಂಥ ಕಡೆ ಈ ಕೆಲಸ ಹೇಗಿರುತ್ತದೆ ಎಂದರೆ, ಮೊದಲು ರೋಗಿಯ ಮನೆಗೆ ಹೋಗಿ ಆ ಜಾಗವನ್ನು ಭೂಪಟದಲ್ಲಿ ಗುರುತಿಸಬೇಕು. ಅಕ್ಕಪಕ್ಕದ ಮನೆಗಳಲ್ಲಿ ಜ್ವರವಿದ್ದವರ ರಕ್ತ ತೆಗೆಯಬೇಕು. ಬಾವಿಯ ಬಲೆ, ಟಾಂಕಿಯ ಮುಚ್ಚಳ, ದೋಣಿಗೆ ಹೊದಿಸಿದ ಟಾರ್ಪಾಲಿನ ಮಡಿಕೆ ಎಲ್ಲವನ್ನೂ ಎತ್ತಿ ನೋಡಬೇಕು. ಮರಿಗಳಿದ್ದ ನೀರನ್ನು ಚೆಲ್ಲಬೇಕು, ಚೆಲ್ಲಲಾಗದ ಬಾವಿಗೆ ಮೀನು ಬಿಡಬೇಕು. ರೋಗಿಯ ಔಷಧ ಮುಗಿಯುವವರೆಗೆ ಪ್ರಕರಣ ತೆರೆದೇ ಇರುತ್ತದೆ. ಯಾವ ಮನೆಗೆ ಭೇಟಿ ಬಾಕಿಯಿದೆ ಎಂಬುದು ಕಾರ್ಯಕರ್ತರಿಗೂ ಕಾಣುತ್ತದೆ, ಮೇಲಧಿಕಾರಿಗೂ ಕಾಣುತ್ತದೆ.

ಡಾ. ಬಿ. ಶಾಂತಾರಾಮ ಬಾಳಿಗ ಮತ್ತು ಸಂಗಡಿಗರು ಇದರ ಅನುಭವವನ್ನು 2019ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕ 'ಮಲೇರಿಯಾ ಜರ್ನಲ್'ನಲ್ಲಿ ಪ್ರಕಟಿಸಿದರು. ಜಿಲ್ಲೆಯಲ್ಲಿ ವರ್ಷಕ್ಕೆ ಸಾವಿರಗಳಲ್ಲಿದ್ದ ಪ್ರಕರಣಗಳು 2020ರ ದಶಕದ ಮೊದಲ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಇಳಿದವು. ಟ್ಯಾಬ್ ಒಂದೇ ಇದನ್ನು ಮಾಡಿತು ಎಂದರೆ ಬಿಸಿಲಲ್ಲಿ ಮನೆಮನೆ ಹತ್ತಿಳಿದವರಿಗೆ ಅನ್ಯಾಯವಾಗುತ್ತದೆ. ಆ ಯಂತ್ರದಿಂದ ಅವರಿಗೆ ಸಿಕ್ಕಿದ್ದು ಸರಿಯಾದ ವಿಳಾಸ ಮತ್ತು ಸರಿಯಾದ ಹೊತ್ತು.

● ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾಕ್ಕೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಜ್ವರ ಮೂರ್ನಾಲ್ಕು ದಿನಕ್ಕೇ ಬಿಡುತ್ತದೆ, ಕೂಲಿಗೆ ಹೋಗುವವನು ಮಾತ್ರೆಯನ್ನೂ ಬಿಡುತ್ತಾನೆ. ಯಕೃತ್ತಿನಲ್ಲಿ ಅಡಗಿ ಕುಳಿತ ರೋಗಾಣು ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ. 'ಮಾತ್ರೆ ನುಂಗಿದಿರಾ?' ಎಂದು ಹತ್ತನೆಯ ದಿನವೂ ಬಾಗಿಲಿಗೆ ಬಂದು ಕೇಳುವ ಮನುಷ್ಯನಿಗೆ ಬದಲಿಯಾಗಿ ಇನ್ನೂ ಯಾವ ತಂತ್ರಜ್ಞಾನವೂ ಬಂದಿಲ್ಲ.

● 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸಿತು. ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಕಟ್ಟಡಕ್ಕೆ 1,000, ಕಟ್ಟಡ ಕಾಮಗಾರಿಯ ಜಾಗ ಮತ್ತು ಖಾಲಿ ನಿವೇಶನಕ್ಕೆ 2,000. ಕೋಟಿಗಟ್ಟಲೆ ಬೆಲೆಯ ಕಟ್ಟಡ ಏಳುವ ಜಾಗಕ್ಕೆ 2,000 ರೂಪಾಯಿ ಏನೇನೂ ಸಾಲದು ಎಂಬುದು ನನ್ನ ಅಭಿಪ್ರಾಯ.

● ಇದೇ ಪೇಟೆ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡು, ಮುಂದೆ ಇಥಿಯೋಪಿಯಕ್ಕೂ ಹಬ್ಬಿತು. ಅಲ್ಲಿನ ನಗರಗಳಿಗೆ ಇದು ಹೊಸ ಶತ್ರು. ಟಾಂಕಿ ಮತ್ತು ಕಟ್ಟಡಗಳ ನಡುವೆ ಮಂಗಳೂರು ಕಲಿತ ಪಾಠ ಈಗ ಆ ನಗರಗಳಿಗೂ ಬೇಕಾಗಿದೆ.

● ಬೋಳಾರದ ಮಾರಿಯಮ್ಮನ ಗುಡಿಯಂತೆ ಕರ್ನಾಟಕದ ನೂರಾರು ಊರುಗಳ ಮಾರಿಗುಡಿಗಳು ಸಿಡುಬು, ಕಾಲರಾಗಳ ಭಯದ ಕಾಲವನ್ನು ಕಂಡಿವೆ. ಮೈಮೇಲೆ 'ಅಮ್ಮ' ಎದ್ದಳು ಎನ್ನುತ್ತಿದ್ದ ಜನರ ನಡುವೆ ಸಿಡುಬಿನ ಲಸಿಕೆಯನ್ನು ತಂದಾಗ ಅದಕ್ಕೆ ಮುಂದೆ ಬಂದ ದೊಡ್ಡ ಮುಖ ಯಾರದು ಗೊತ್ತೇ? ಮೈಸೂರಿನ ಎಳೆಯ ರಾಣಿಯದು. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬಿಡಿಸಿದ ಚಿತ್ರದಲ್ಲಿ ಮೂವರು ಅರಮನೆಯ ಹೆಂಗಸರಿದ್ದಾರೆ. ಅವರಲ್ಲೊಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆ ಬೆರಳು ತೋರುತ್ತಿದ್ದಾಳೆ. ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿರುವುದು ಅದು, ಜನರನ್ನು ಒಪ್ಪಿಸಲೆಂದೇ ಬರೆಸಿದ ಚಿತ್ರ ಅದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಆಗ ಸೂಜಿಮದ್ದಿನ ಸೀಸೆಯಿಲ್ಲ, ಮಂಜುಗಡ್ಡೆಯ ಪೆಟ್ಟಿಗೆಯೂ ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ ಲಸಿಕೆ ಊರಿಂದೂರಿಗೆ ದಾಟಬೇಕಿತ್ತು. ಭಾರತದಲ್ಲಿ ಅದನ್ನು ಮೊದಲು ಪಡೆದದ್ದು 1802ರ ಜೂನ್ 14ರಂದು, ಮುಂಬಯಿಯ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಅಂದರೆ ಈ ಸರಪಳಿ ಸಾಗಲು ಪ್ರತಿ ಊರಿನಲ್ಲೂ ತೋಳು ನೀಡುವವರು ಬೇಕಿತ್ತು. ರಾಣಿ ನೀಡಿದಳೆಂದ ಮೇಲೆ ಪ್ರಜೆಗಳ ಅಂಜಿಕೆ ಒಂದಿಷ್ಟಾದರೂ ಕಡಿಮೆಯಾಗಿರಬೇಕು.

● ಬೆಂಗಳೂರಿಗೆ ದೂರವಾಣಿ ತಂತಿ ಎಳೆಯಲು ಪ್ಲೇಗ್ ಒಂದು ಕಾರಣ! 1898ರ ಪ್ಲೇಗಿನಲ್ಲಿ ತಡೆ ಕೆಲಸಗಳನ್ನು ಹೊಂದಿಸಿಕೊಳ್ಳಲು ತಂತಿ ಹಾಕಿದರು, ನಗರವನ್ನು ವಿಭಾಗಗಳಾಗಿ ಹಂಚಿದರು, ಆರೋಗ್ಯಾಧಿಕಾರಿಯನ್ನು ನೇಮಿಸಿದರು, ಮನೆ ಕಟ್ಟುವುದಕ್ಕೂ ನೈರ್ಮಲ್ಯದ ನಿಯಮ ಬಂತು. ಭಯ ಬಂದಾಗ ವರ್ಷಗಳ ಕೆಲಸ ತಿಂಗಳುಗಳಲ್ಲಿ ಆಗುತ್ತದೆ. ಕೋವಿಡ್ ಕಾಲದಲ್ಲಿ ಇದನ್ನು ನಾವೂ ಕಂಡೆವು.

● ಸ್ಕರ್ವಿ ರೋಗಕ್ಕೆ ನಿಂಬೆ, ಕಿತ್ತಳೆಯೇ ಮದ್ದು ಎಂದು ಜೇಮ್ಸ್ ಲಿಂಡ್ ಹಡಗಿನಲ್ಲಿ ಪರೀಕ್ಷಿಸಿ ನೋಡಿದ್ದು 1747ರಲ್ಲಿ. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ಅಪ್ಪಣೆ ಮಾಡಿದ್ದು 1795ರಲ್ಲಿ. ನಡುವೆ 48 ವರ್ಷ!

● ಜಗತ್ತಿನಲ್ಲಿ ಸರ್ಕಾರವೇ ನಡೆಸಿದ ಮೊದಲ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳ ಗೌರವ ಮೈಸೂರು ಸಂಸ್ಥಾನಕ್ಕೆ ಸಲ್ಲುತ್ತದೆ. ಆದೇಶ ಹೊರಟದ್ದು 1930ರ ಜೂನ್‌ನಲ್ಲಿ. ಯುರೋಪಿನ ಎಷ್ಟೋ ಸರ್ಕಾರಗಳು ಆ ವಿಷಯವನ್ನು ಬಾಯಿಬಿಟ್ಟು ಹೇಳಲೂ ಹಿಂಜರಿಯುತ್ತಿದ್ದ ಕಾಲ ಅದು.

● ವೆನ್ಲಾಕ್ ಆಸ್ಪತ್ರೆ 1848ರಿಂದ ಇದೆ. ಈಗಿನ ಹೆಸರು 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಅವರದು. ಲೇಡಿಗೋಷನ್ ಹೆಸರೂ ಮದ್ರಾಸಿನ ಇನ್ನೊಬ್ಬ ಗವರ್ನರ್ ಗೋಷೆನ್ ಅವರ ಪತ್ನಿಯದು.

ಆದರೆ ವೆನ್ಲಾಕಿನ ನಿಜವಾದ ವಿಶೇಷ ಹೆಸರಿನಲ್ಲಿಲ್ಲ. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು (ಕೆಎಂಸಿ) ತೆರೆದಾಗ ಅವರ ಮುಂದಿದ್ದ ದೊಡ್ಡ ಪ್ರಶ್ನೆ, ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿಯುವುದೆಲ್ಲಿ ಎಂಬುದು. ಉತ್ತರ ಮಂಗಳೂರಿನಲ್ಲಿತ್ತು. 1955ರಲ್ಲಿ ಕೆಎಂಸಿಯ ಮಂಗಳೂರು ವಿಭಾಗ ಶುರುವಾಯಿತು, ಕಲಿಕೆಗೆ ವೆನ್ಲಾಕ್ ಮತ್ತು ಲೇಡಿಗೋಷನ್ ಒದಗಿದವು. ಸರ್ಕಾರಿ ಆಸ್ಪತ್ರೆಗೆ ತಜ್ಞ ವೈದ್ಯರು ಸಿಕ್ಕರು, ಕಾಲೇಜಿಗೆ ಕಲಿಕೆಯ ನೆಲ ಸಿಕ್ಕಿತು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. 1956ರಲ್ಲಿ ಜಿಲ್ಲೆಯ ರಾಜ್ಯವೇ ಬದಲಾದರೂ ಈ ಏರ್ಪಾಟು ಬದಲಾಗಲಿಲ್ಲ, ಇಂದಿಗೂ ನಡೆಯುತ್ತಿದೆ. ಸರ್ಕಾರಿ-ಖಾಸಗಿ ಸಹಭಾಗಿತ್ವ ಎಂಬ ಮಾತು ಕಡತಗಳಿಗೆ ಬರುವುದಕ್ಕೆ ದಶಕಗಳ ಮೊದಲೇ ಹಂಪನಕಟ್ಟೆಯಲ್ಲಿ ಅದು ಬಳಕೆಯಲ್ಲಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ದೇಶದಲ್ಲೇ ಹೆಸರಾದ ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ಪುತ್ತೂರಿಗೆ ಒಂದು ಕಾಲೇಜು ಎಂಬ ಘೋಷಣೆ ಬಂದದ್ದು 2025-26ರ ರಾಜ್ಯ ಬಜೆಟ್ಟಿನಲ್ಲಿ. ಇದ್ದ ಏರ್ಪಾಟು ಚೆನ್ನಾಗಿದೆ ಎಂಬ ನೆಮ್ಮದಿ ಸರ್ಕಾರದ ಹೊಣೆಯನ್ನು ಎಪ್ಪತ್ತು ವರ್ಷ ಮುಂದೂಡಿತು ಎಂದೇ ನನಗನ್ನಿಸುತ್ತದೆ.

● ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಮಂಗಳೂರಿಗೆ ಬಂದದ್ದು ಪಾಠ ಹೇಳಲು. ಜೊತೆಗೊಂದು ಹೋಮಿಯೋಪಥಿ ಔಷಧದ ಪೆಟ್ಟಿಗೆ ತಂದಿದ್ದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಶುರುವಾದ ಔಷಧಾಲಯ, 1890ರಲ್ಲಿ ಕುಷ್ಠರೋಗಿಗಳಿಗೂ ಆಸರೆಯಾಯಿತು.

● ಕ್ಷಯರೋಗಿಗಳು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ತಜ್ಞರು ನಂಬಿದ್ದ ಕಾಲವೊಂದಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಜೊತೆ ಕುಳಿತು ಮಾತಾಡಿದಾಗ ಕಂಡದ್ದೇ ಬೇರೆ. ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣದ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರಿಗೆ ಕೆಮ್ಮಿನ ಮದ್ದು ಕೊಟ್ಟು ಕಳಿಸಲಾಗಿತ್ತು, ಅಷ್ಟೆ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದು ಸರಳ: ಊರೂರಿಗೆ ಎಕ್ಸ್‌ರೇ ವಾಹನ ಓಡಿಸುವುದಕ್ಕಿಂತ ಮೊದಲು, ತಾವಾಗಿಯೇ ಬಂದು ಸಾಲಿನಲ್ಲಿ ನಿಂತ ಕೆಮ್ಮುವ ಮನುಷ್ಯನ ಕಫವನ್ನು ಪರೀಕ್ಷಿಸಿ. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯಬೇಕು ಎಂಬ ವಿಚಾರ ಗಟ್ಟಿಯಾದದ್ದು ಇಂಥ ಕೆಲಸಗಳಿಂದ. ಹೊಸತನ ಎಂದರೆ ಹೊಸ ಉಪಕರಣ ಎಂದುಕೊಳ್ಳುವವರಿಗೆ ನಾನು ಮೊದಲು ಹೇಳುವುದು ತುಮಕೂರಿನ ಈ ಕಥೆಯನ್ನೇ.

● ಮಾನಸಿಕ ರೋಗಕ್ಕೆ ಜಿಲ್ಲೆಯೊಳಗೇ, ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಔಷಧ ಕೊಡಬಹುದು ಎಂದು ನಿಮ್ಹಾನ್ಸ್ ಮೊದಲು ದೊಡ್ಡ ಮಟ್ಟದಲ್ಲಿ ತೋರಿಸಿದ್ದು ಬಳ್ಳಾರಿಯಲ್ಲಿ, 1985ರಿಂದ 1990ರ ನಡುವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆ ಭೇಟಿ ಮಾಡುವ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಬಳ್ಳಾರಿಯನ್ನೇ.

● ಅದೇ 1996ರಲ್ಲಿ ಚಾಮರಾಜನಗರದ ಕಡೆಯ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟರು. ಕಟ್ಟಡ ಸರ್ಕಾರದ್ದು, ಆಡಳಿತ ಟ್ರಸ್ಟಿನದು. ಮುಂದೆ ಬೇರೆ ರಾಜ್ಯಗಳ ಕೇಂದ್ರಗಳಿಗೂ ಈ ಕ್ರಮ ಹೋಯಿತು.

● ಹೃದಯಾಘಾತದಲ್ಲಿ ಮೊದಲ ಗಂಟೆಗೇ ಬೆಲೆ. 2000ರ ದಶಕದ ಆರಂಭದಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಆ ಕಾಲಕ್ಕೆ ದೊಡ್ಡ ಸಾಧನೆ ಅದು. ಆದರೆ ಅದಕ್ಕೆ ಡಿಶ್ ಬೇಕು, ಪ್ರತ್ಯೇಕ ಕೋಣೆ ಬೇಕು, ಯಂತ್ರ ತಿಳಿದವರು ಬೇಕು.

ಸುಮಾರು 2018ರಲ್ಲಿ ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಿಡಿದ ದಾರಿ ಬೇರೆ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ದಾನವಾಗಿ ಒದಗಿಸುವುದು. ಎದೆನೋವೆಂದು ಬಂದವರ ಇಸಿಜಿ ತೆಗೆದು, ಆ ಕಾಗದದ ಫೋಟೋವನ್ನು ಅಲ್ಲಿನ ವೈದ್ಯರು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ತಜ್ಞರು ನೋಡಿ ಉತ್ತರಿಸುವುದು. 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಹೆಸರಿನಲ್ಲಿ ಇದು ಕರಾವಳಿ, ಮಲೆನಾಡಿನ ಎಷ್ಟೋ ಜಿಲ್ಲೆಗಳಿಗೆ ಹಬ್ಬಿತು. ವೈದ್ಯರ ಜೇಬಿನಲ್ಲಿ ಮೊದಲೇ ಇದ್ದ ಫೋನ್ ಸಾಕಾಯಿತು, ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. ಬೇಗ ಹಬ್ಬಿದ್ದಕ್ಕೆ ಅದೇ ಮುಖ್ಯ ಕಾರಣ. ಇದರಲ್ಲೊಂದು ದುರ್ಬಲ ಕೊಂಡಿಯೂ ಇದೆ. ದಾನಿಗಳು ಕೊಟ್ಟ ಯಂತ್ರಕ್ಕೆ ನಾಳೆ ಕಾಗದದ ಸುರುಳಿ, ರಿಪೇರಿ ಯಾರ ಲೆಕ್ಕದಲ್ಲಿ? ಈ ಪ್ರಶ್ನೆಯನ್ನು ಸರ್ಕಾರವೇ ಬಗೆಹರಿಸಬೇಕು.

● 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಬಂದ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಗಳಿಗೆ ಜೋಡಿಸುತ್ತದೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು, ಬಡವರ ಕೈಗೆಟುಕದ ಬೆಲೆಯ ಮದ್ದು ಅದು, ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತದೆ. ಎಷ್ಟೋ ಮನೆಗಳ ನೋವು ಕಡತವನ್ನು ಕದಲಿಸಲಿಲ್ಲ, ನಾಡಿಗೆ ನಾಡೇ ಅತ್ತ ಒಂದು ಸಾವು ಕದಲಿಸಿತು.

● ಭಾರತದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ. ಸುಮಾರು ನೂರು ವರ್ಷದ ಮೇಲೆ ಅದೇ ಸಹಕಾರದ ಬೇರಿನ ಮೇಲೆ ರೈತರ ಆರೋಗ್ಯ ವಿಮೆ ಯಶಸ್ವಿನಿ ನಿಂತಿತು. 2003ರಲ್ಲಿ ಜಾರಿಗೆ ಬಂದಾಗ ರೈತನ ಪಾಲು ತಿಂಗಳಿಗೆ 5 ರೂಪಾಯಿ. ಅದರ ಹಿಂದಿದ್ದವರಲ್ಲಿ ಪ್ರಮುಖರು ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನ ಕೆಎಂಸಿಯಲ್ಲಿ ಓದಿದ ಡಾ. ದೇವಿ ಶೆಟ್ಟಿ. ವಿಮೆಯ ಕಂತು ವಸೂಲಿಗೆ ಹೊಸ ಕಚೇರಿ ತೆರೆಯಲಿಲ್ಲ, ಹಾಲಿನ ಸೊಸೈಟಿ, ಕೃಷಿ ಸೊಸೈಟಿಗಳು ಮೊದಲೇ ಇದ್ದವು. ದಿನಕ್ಕೆ ಎರಡಾಣೆ ಕಟ್ಟಿಸಿಕೊಂಡು ಪಿಗ್ಮಿ ಠೇವಣಿ ಕಟ್ಟಿ ಬೆಳೆಸಿದ ಕರಾವಳಿಯವರಿಗೆ ಈ ಲೆಕ್ಕ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟಾಗಿಯೂ 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೇರಿಸಿ ನಿಲ್ಲಿಸಲಾಯಿತು. ರೈತರ ಒತ್ತಾಯ ನಿಲ್ಲಲಿಲ್ಲ. 2022ರಲ್ಲಿ ಮತ್ತೆ ಶುರುವಾಯಿತು. ಜನ ತಮ್ಮದೆಂದುಕೊಂಡ ಯೋಜನೆಯನ್ನು ಕಡತದಿಂದ ಅಳಿಸಬಹುದು, ನೆನಪಿನಿಂದ ಅಳಿಸಲಾಗದು.

● ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ಕೊಟ್ಟ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಜಾರಿಯಾಯಿತು. ಅದರಿಂದಾಗಿ ಗಡಿಗೆರೆಯ ಈಚೆ ಆಚೆಯ ಹಳ್ಳಿಗಳನ್ನು ಹೋಲಿಸಲು ಸಾಧ್ಯವಾಯಿತು. ಯೋಜನೆಯ ವ್ಯಾಪ್ತಿಯ ರೋಗಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತು ಎಂದು 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿತು. ಎಲ್ಲ ಯೋಜನೆಗಳೂ ಹೀಗೆ ಅಳೆಯಲು ಬರುವಂತೆ ಜಾರಿಯಾದರೆ ಎಷ್ಟು ಚೆನ್ನ!

● ಕೆಲವೊಮ್ಮೆ ಚಿಕಿತ್ಸೆಗೆ ಅಡ್ಡ ನಿಲ್ಲುವುದು ಮಣ್ಣಿನ ರಾಶಿ. 2020ರ ಮಾರ್ಚ್ ಕೊನೆಗೆ ಕೋವಿಡ್ ಭಯದಿಂದ ಕರ್ನಾಟಕ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಜನರಿಗೆ, ಅಲ್ಲಿನ ಕನ್ನಡ, ತುಳು ಮನೆಗಳಿಗೆ, ದೊಡ್ಡಾಸ್ಪತ್ರೆ ಎಂದರೆ ತಲೆಮಾರುಗಳಿಂದ ಮಂಗಳೂರೇ. ಡಯಾಲಿಸಿಸ್, ಕ್ಯಾನ್ಸರ್, ಹೆರಿಗೆ ಎಲ್ಲದಕ್ಕೂ ನೇತ್ರಾವತಿಯ ಸೇತುವೆ ದಾಟಿ ಬರುತ್ತಿದ್ದವರು ಅವರು. ಆ ದಿನಗಳಲ್ಲಿ ಗಡಿಯಲ್ಲಿ ಆಂಬುಲೆನ್ಸ್ ಹಿಂದಿರುಗಿ ಜೀವ ಹೋದ ಸುದ್ದಿಗಳು ಒಂದರ ಮೇಲೊಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ತೆರೆಯಲು ಆದೇಶಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ಷರತ್ತುಗಳೊಂದಿಗೆ ರೋಗಿಗಳನ್ನು ಬಿಡುವ ಒಪ್ಪಂದಕ್ಕೆ ಬಂತು.

ಈ ಸಂಕಟವೇ ಗಡಿಯಾಚೆ ಕೆಲಸಕ್ಕೆ ವೇಗ ಕೊಟ್ಟಿತು. 2013ರಲ್ಲಿ ಶಂಕುಸ್ಥಾಪನೆಯಾಗಿ ನಿಧಾನವಾಗಿ ಏಳುತ್ತಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ 2020ರ ಏಪ್ರಿಲ್‌ನಲ್ಲೇ ಕೋವಿಡ್ ಆಸ್ಪತ್ರೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೆಕ್ಕಿಲ್‌ನಲ್ಲಿ ಟಾಟಾ ಸಮೂಹ ಸಿದ್ಧ ಕಂಟೇನರುಗಳಿಂದ ಕಟ್ಟಿದ 551 ಹಾಸಿಗೆಗಳ ಆಸ್ಪತ್ರೆಯನ್ನು ಕೇರಳ ಸರ್ಕಾರಕ್ಕೆ ಒಪ್ಪಿಸಿತು. ಮಂಗಳೂರಿನ ಆಸ್ಪತ್ರೆಗಳು ಹತ್ತಿರವಿವೆ ಎಂಬ ಒಂದೇ ಕಾರಣಕ್ಕೆ ಇಡೀ ಒಂದು ಜಿಲ್ಲೆ ಎಷ್ಟು ಕಾಲ ಕಾಯಬೇಕಾಯಿತು ನೋಡಿ.

● ಮಂಗನ ಕಾಯಿಲೆಯ ವೈರಸ್ಸಿಗೆ ಹೆಸರು ಕೊಟ್ಟದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ವರ್ಷ 1957. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಾಡಂಚಿನಲ್ಲೂ ಅದು ಬಹಳ ಜೀವ ತೆಗೆಯಿತು. ಲಸಿಕೆ ಇತ್ತು, ಆದರೆ ಹೇಗಿತ್ತು? ತಿಂಗಳ ಅಂತರದಲ್ಲಿ ಎರಡು ಚುಚ್ಚು, ಕೆಲವು ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷ ವರ್ಷವೂ ಒಂದು, ಚುಚ್ಚಿದ ಜಾಗದಲ್ಲಿ ನೋವು ಬೇರೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಳು ಊದಿಸಿಕೊಂಡು ಕೂರಲು ಯಾರಿಗೆ ಸಾಧ್ಯ? ಹಳ್ಳಿಯವರು ಲಸಿಕೆಗೆ ಬರುವುದಿಲ್ಲ ಎಂದು ದೂರುವುದು ಸುಲಭ. ಲಸಿಕೆಯ ಬಗ್ಗೆ ಅವರಿಗಿದ್ದ ಅನುಮಾನ ಸುಳ್ಳಾಗಿರಲಿಲ್ಲ. ಲಸಿಕೆಯ ಶಕ್ತಿಯೇ ಕುಂದಿದೆ ಎಂದು ಕೊನೆಗೆ ಖಚಿತವಾಗಿ 2022ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಕೆಲವೇ ತಾಲ್ಲೂಕುಗಳ ಬಡವರ ರೋಗ, ಆದ್ದರಿಂದ ಲಾಭದ ಕಂಪನಿಗಳಿಗೆ ಬೇಡ. ಐಸಿಎಂಆರ್ ಮುಂದಾಳತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿರುವುದು ರೋಗ ಪತ್ತೆಯಾಗಿ ಅರುವತ್ತು ವರ್ಷ ದಾಟಿದ ಮೇಲೆ.

● ಔಷಧ ಖರೀದಿಗೆ ತಮಿಳುನಾಡು 1994ರಲ್ಲಿ ಪ್ರತ್ಯೇಕ ನಿಗಮವನ್ನೇ ಕಟ್ಟಿತು. ಸಗಟು ಟೆಂಡರ್, ಜಿಲ್ಲೆಗೊಂದು ಗೋದಾಮು, ಯಾವ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಎಷ್ಟಿದೆ ಎಂಬ ಕಂಪ್ಯೂಟರ್ ಲೆಕ್ಕ. ಕರ್ನಾಟಕವೂ ಸೇರಿ ಎಷ್ಟೋ ರಾಜ್ಯಗಳು ಅದನ್ನು ಅನುಸರಿಸಿದವು. ರೋಗಿಯ ಕಣ್ಣಿಗೆ ಬೀಳದ ಕೆಲಸ ಇದು, ಆದರೆ 'ಹೊರಗಿಂದ ತನ್ನಿ' ಎಂಬ ಚೀಟಿ ಬರೆಯುವುದು ತಪ್ಪಬೇಕಾದರೆ ಇಲ್ಲೇ ಆಗಬೇಕು.

● ಆಶಾ ಕಾರ್ಯಕರ್ತೆಯರ ಹುದ್ದೆ ದೇಶದ ಮಟ್ಟದಲ್ಲಿ ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ. ಮುಂದೆ ನಗರಗಳ ವಾರ್ಡುಗಳಿಗೂ ವಿಸ್ತರಿಸಿತು. ಗರ್ಭಿಣಿಯ ನೋಂದಣಿ, ಮಗುವಿನ ಲಸಿಕೆ, ಕ್ಷಯದ ಮಾತ್ರೆ, ಕುಷ್ಠ ಸಮೀಕ್ಷೆ, ಲಾರ್ವಾ ಸಮೀಕ್ಷೆ ಎಲ್ಲವೂ ಅವರ ಪಾಲಿಗೆ. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಆ ಪ್ರೋತ್ಸಾಹಧನವನ್ನು ತಾಯಿ-ಮಗುವಿನ ಆರೋಗ್ಯದ ಮಾಹಿತಿ ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ಗೆ ಜೋಡಿಸಿದ್ದರಿಂದ, ಹೆರಿಗೆಗೆ ಜೊತೆ ಹೋದದ್ದು ನಿಜವಾದರೂ ಪೋರ್ಟಲ್‌ನಲ್ಲಿ ದಾಖಲಾಗದಿದ್ದರೆ ದುಡ್ಡಿಲ್ಲ ಎಂಬ ಸ್ಥಿತಿ ಬಂತು. ಇನ್ನೊಬ್ಬರು ತುಂಬಬೇಕಾದ ಮಾಹಿತಿ ತಪ್ಪಿದರೂ ನಷ್ಟ ಇವರದೇ.

2025ರ ಜನವರಿಯಲ್ಲಿ ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಗೌರವಧನ ಕೊಡಿ, ಪೋರ್ಟಲ್ ಜೊತೆಗಿನ ಗಂಟು ಬಿಡಿಸಿ ಎಂಬುದು ಅವರ ಬೇಡಿಕೆ. ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಊರಿಗೆ ಮರಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಕೊಟ್ಟ ಮಾತು ನಡೆಸಿಕೊಡಿ ಎಂದು ಮತ್ತೆ ಧರಣಿಗೆ ಕೂತರು.